ಶ್ರೀರಂಗಪಟ್ಟಣದ ಯುದ್ಧಚಿತ್ರಗಳಿಗೆ ಅಡಿಬರಹ ಬೇಕು

ಮಾನ್ಯರೇ,

ಶ್ರೀರಂಗಪಟ್ಟಣದ ಪತನದ ಪ್ರಸ್ತಾಪ ಬಂದಾಗಲೆಲ್ಲ ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ಕೆಲವೇ ವರ್ಣಚಿತ್ರಗಳು ಮತ್ತೆ ಮತ್ತೆ ಅಚ್ಚಾಗುತ್ತವೆ. ಅವನ್ನು ಬರೆದವರು ಯಾರು, ಯಾವಾಗ ಬರೆದರು, ಬರೆಸಿದವರು ಯಾರು ಎಂಬ ವಿವರ ಕೆಳಗೆ ಇರುವುದು ಅಪರೂಪ. ಹೀಗಾಗಿ, ಗೆದ್ದವರ ಕೀರ್ತಿಗಾಗಿ ಸಿದ್ಧಪಡಿಸಿದ ಚಿತ್ರಗಳನ್ನು ಓದುಗರು, ಈಸ್ಟ್ ಇಂಡಿಯಾ ಕಂಪನಿಯ ಸೇನೆ ಕೋಟೆಯನ್ನು ಹಿಡಿದು ಟಿಪ್ಪು ಮಡಿದ 1799ರ ಮೇ 4ರ ಪ್ರತ್ಯಕ್ಷ ದಾಖಲೆಯೆಂದೇ ನಂಬುವಂತಾಗಿದೆ.

ಜನರಲ್ ಡೇವಿಡ್ ಬೇರ್ಡ್ ಟಿಪ್ಪು ಸುಲ್ತಾನನ ಶವವನ್ನು ಪತ್ತೆಹಚ್ಚುವ ದೃಶ್ಯವನ್ನೇ ನೋಡಿ. ಈಗ ಎಡಿನ್‌ಬರೋದ ರಾಷ್ಟ್ರೀಯ ಚಿತ್ರಶಾಲೆಯ ಸಂಗ್ರಹದಲ್ಲಿರುವ, ಹನ್ನೊಂದು ಅಡಿಗೂ ಮೀರಿದ ಎತ್ತರದ ಈ ತೈಲವರ್ಣ ಚಿತ್ರವನ್ನು ಡೇವಿಡ್ ವಿಲ್ಕಿ ಮುಗಿಸಿದ್ದು 1839ರಲ್ಲಿ, ಅಂದರೆ ಘಟನೆ ನಡೆದು 40 ವರ್ಷಗಳಾದ ಮೇಲೆ. ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಚಿತ್ರವನ್ನು ಬರೆಸಿದವರು ಬೇರ್ಡ್‌ನ ವಿಧವೆ. ಕೋಟೆಗೆ ನುಗ್ಗಿದ ಪಡೆಯ ಮುಂದಾಳಾಗಿದ್ದರೂ ಪಟ್ಟಣದ ಅಧಿಕಾರ ತನ್ನ ಕೈ ತಪ್ಪಿ ಅದೇ ಸೇನೆಯ ಇನ್ನೊಬ್ಬ ಅಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತೆಂಬ ಕೊರಗು ಬೇರ್ಡ್‌ಗೆ ಇತ್ತು. ಆ ಕೊರಗಿಗೂ ಈ ಚಿತ್ರ ಒಂದು ಉತ್ತರವೆಂದು ನನಗೆ ತೋರುತ್ತದೆ.

ಬೇರ್ಡ್ ಕೋಟೆಯ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಾನೆ, ದೀಪದ ಬೆಳಕಿನಲ್ಲಿ ಕೆಳಗೆ ಟಿಪ್ಪುವಿನ ಶವ ಬಿದ್ದಿದೆ. ಬೇರ್ಡ್‌ನ ಕಾಲ ಬಳಿ ಕಬ್ಬಿಣದ ಸರಳುಗಳ ಒಂದು ಕಿಂಡಿಯಿದೆ. 1780ರಲ್ಲಿ ಮೈಸೂರು ಪಡೆ ಕಂಪನಿಯ ಸೇನೆಯನ್ನು ಸೋಲಿಸಿದ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕು, ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದಲ್ಲಿ ಆತ ಅನುಭವಿಸಿದ ಬಂಧನದ ಸೂಚನೆ ಅದು. ಚಿತ್ರಕಾರನ ಕೌಶಲವೆಲ್ಲ ಆ ಕಿಂಡಿಯಲ್ಲಿದೆ. ಕಂಪನಿಯು ಒಂದು ರಾಜ್ಯವನ್ನು ನುಂಗಿದ ಯುದ್ಧವು ಅದರಿಂದಾಗಿ, ಅನ್ಯಾಯ ಉಂಡ ಒಬ್ಬ ವೀರನಿಗೆ ದೈವವೇ ಕೊಡಿಸಿದ ನ್ಯಾಯವಾಗಿ ಕಾಣತೊಡಗುತ್ತದೆ. ಅದೇ ರಾತ್ರಿ ಪಟ್ಟಣದಲ್ಲಿ ನಡೆದ ಲೂಟಿಗೆ ಚಿತ್ರದಲ್ಲಿ ಜಾಗವಿಲ್ಲ. ಲೂಟಿಯಾಗದೆ ಉಳಿದ ಮನೆ ಇಲ್ಲವೆನ್ನುವಷ್ಟು ವಿರಳವೆಂದು ವೆಲ್ಲೆಸ್ಲಿಯೇ ಪತ್ರದಲ್ಲಿ ಬರೆದಿದ್ದಾನೆ. ಅದನ್ನು ತಡೆಯಲು ಸೈನಿಕರನ್ನು ಗಲ್ಲಿಗೇರಿಸಬೇಕಾಯಿತು.

ಸ್ಥಳದಲ್ಲಿದ್ದ ಕಲಾವಿದರೂ ಈ ಕೆಲಸಕ್ಕೆ ಹೊರತಾಗಿರಲಿಲ್ಲ. ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯ ಜೊತೆ ಮೈಸೂರು ಸೀಮೆಗೆ ಬಂದಿದ್ದ ರಾಬರ್ಟ್ ಹೋಮ್, 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಸಂದರ್ಭವನ್ನು ಚಿತ್ರಿಸಿದ. ಆ ಯುದ್ಧದಲ್ಲಿ ಸೋತ ಟಿಪ್ಪು ಕೊಡಬೇಕಾಗಿದ್ದ ಅರ್ಧ ರಾಜ್ಯ ಮತ್ತು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ಭರವಸೆಗೆಂದು ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿದ ಆ ಪ್ರಸಂಗದಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ವಾತ್ಸಲ್ಯದಿಂದ ಬರಮಾಡಿಕೊಳ್ಳುವ ಹಿರಿಯನಾಗಿ ನಿಂತಿದ್ದಾನೆ. ನನ್ನ ಮಟ್ಟಿಗೆ ಕತ್ತಿ ಹಿರಿದ ಚಿತ್ರಗಳಿಗಿಂತ ಈ ಚಿತ್ರವೇ ಹೆಚ್ಚು ಕಳವಳಕಾರಿ. ಇನ್ನು 1800ರಲ್ಲಿ ಲಂಡನ್ನಿನಲ್ಲಿ ಜನ ಮುಗಿಬಿದ್ದು ನೋಡಿದ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ತೋರಿಸುವ, ರಾಬರ್ಟ್ ಕೆರ್ ಪೋರ್ಟರನ ನೂರಕ್ಕೂ ಹೆಚ್ಚು ಅಡಿ ಉದ್ದದ ಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ಅದರ ಮುದ್ರಿತ ಪ್ರತಿಗಳು ಮಾತ್ರ ಉಳಿದುಕೊಂಡವು.

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಡುಗೋಡೆಯಲ್ಲಿ ಟಿಪ್ಪು ಬರೆಸಿದ ಪೊಳ್ಳಿಲೂರಿನ ಚಿತ್ರವೂ ವಿಜಯದ ಹೊಗಳಿಕೆಯೇ. ಮದ್ದಿನ ಬಂಡಿ ಸಿಡಿಯುತ್ತಿದೆ, ಸೋತ ಕಂಪನಿ ಪಡೆಯ ನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಆದರೆ ಅದನ್ನು ಬರೆಸಿದವನು ಯಾರೆಂಬುದು ಅರಮನೆಯೊಳಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ತಿಳಿದೇ ಇರುತ್ತದೆ. ವಿಲ್ಕಿಯ, ಹೋಮ್‌ನ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡುವವರಿಗೆ ಆ ಅನುಕೂಲವಿಲ್ಲ.

ಟಿಪ್ಪುವಿನ ಆಳ್ವಿಕೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಕೋರಿಕೆಗೆ ಅದು ಅಡ್ಡಿಯಾಗಬೇಕಿಲ್ಲ. ಇಂಥ ಚಿತ್ರಗಳನ್ನು ಅಚ್ಚುಮಾಡುವಾಗ ಕಲಾವಿದನ ಹೆಸರು, ಬರೆದ ವರ್ಷ ಮತ್ತು ಬರೆಸಿದವರ ವಿವರವನ್ನು ಒಂದೇ ಸಾಲಿನಲ್ಲಾದರೂ ಕೊಡಬೇಕೆಂದು ತಮ್ಮಲ್ಲಿಯೂ ಪಠ್ಯಪುಸ್ತಕ ರಚಿಸುವವರಲ್ಲಿಯೂ ವಿನಂತಿಸುತ್ತೇನೆ.

ಇತಿಹಾಸದ ನಿವೃತ್ತ ಅಧ್ಯಾಪಕ,
ಮಂಡ್ಯ