ಡಿಎನ್‌ಎ ಪರೀಕ್ಷೆಗಿಂತ ಮೊದಲು ಹಳೆಯ ರಿಜಿಸ್ಟರುಗಳನ್ನು ಉಳಿಸಿ

ಸಂಪಾದಕರಿಗೆ,

ಮಾನ್ಯರೇ,

ದತ್ತು ಹೋದ ಮಕ್ಕಳು ದೊಡ್ಡವರಾದ ಮೇಲೆ ಹೆತ್ತ ತಾಯಿಯನ್ನು ಹುಡುಕುತ್ತ ಊರಿಗೆ ಬರುವ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರಲ್ಲಿ ಒಬ್ಬರಾದರೂ “ಈಗ ಡಿಎನ್‌ಎ ಪರೀಕ್ಷೆ ಇದೆಯಲ್ಲ, ಮತ್ತೇಕೆ ಅಲೆಯಬೇಕು?” ಎಂದು ಕೇಳುವುದುಂಟು. ಆ ಪರೀಕ್ಷೆ ನಮ್ಮ ಮನೆಯಲ್ಲೇ ನಡೆದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನೂ ನನ್ನ ಹೆಂಡತಿಯೂ 1993ರಲ್ಲಿ ಮಂಗಳೂರಿನ ಒಂದು ಸಂಸ್ಥೆಯಿಂದ ನಾಲ್ಕು ತಿಂಗಳ ಹೆಣ್ಣುಮಗುವನ್ನು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ನ್ಯಾಯಾಲಯದ ಅನುಮತಿ ಪಡೆದು, ಮನೆಗೆ ಕರೆತಂದೆವು. ವಿಷಯವನ್ನು ಅವಳಿಂದ ಎಂದೂ ಮುಚ್ಚಿಟ್ಟವರಲ್ಲ. ಆದರೂ ಅವಳ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ವಾಡಿಕೆಯಂತೆ “ಬಳಿ ಯಾವುದು?” ಎಂದು, ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರನ್ನು, ಕೇಳಿದಾಗ, ನನ್ನ ಹೆಂಡತಿ ತನ್ನ ಬಳಿಯ ಹೆಸರು ಹೇಳಿದ್ದನ್ನೂ, ಒಳಗೆ ಚಹಾದ ತಟ್ಟೆ ಹಿಡಿದು ನಿಂತಿದ್ದ ಮಗಳು ಅದನ್ನು ಕೇಳಿಸಿಕೊಂಡದ್ದನ್ನೂ ನಾನು ಮರೆತಿಲ್ಲ. ಕೆಲವು ವರ್ಷಗಳ ಬಳಿಕ, ಅವಳು ಐರ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ, ಅಂಚೆಯಲ್ಲಿ ಡಿಎನ್‌ಎ ಪರೀಕ್ಷೆಯ ಒಂದು ಕಿಟ್ ತರಿಸಿಕೊಂಡಳು. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ನಳಿಕೆಗೆ ಗೆರೆ ಮುಟ್ಟುವವರೆಗೆ ಉಗುಳಿ ತುಂಬಿಸಬೇಕು, ನೊರೆ ಲೆಕ್ಕಕ್ಕಿಲ್ಲ. ವಿಡಿಯೊ ಕರೆಯಲ್ಲಿ ನಮಗೆ ನಳಿಕೆಯನ್ನು ತೋರಿಸಿ, “ಅಪ್ಪ, ಬಾಯಿ ಒಣಗಿ ಎಂಜಲೇ ಬರುತ್ತಿಲ್ಲ” ಎಂದು ನಕ್ಕಿದ್ದಳು.

ಈ ಪರೀಕ್ಷೆಯ ಲೆಕ್ಕ ಬ್ಯಾಂಕಿನಲ್ಲಿ ಬದುಕು ಕಳೆದ ನನಗೆ ಬೇಗ ಅರ್ಥವಾಯಿತು. ತಾಯಿ ಅಥವಾ ತಂದೆಯೊಂದಿಗೆ ನಮ್ಮ ಡಿಎನ್‌ಎ ಅರ್ಧಪಾಲು ಹೊಂದುತ್ತದೆ. ಚಿಕ್ಕಮ್ಮ, ಸೋದರಮಾವ ಮುಂತಾದವರೊಂದಿಗೆ ಸುಮಾರು ಕಾಲುಪಾಲು. ಅವರ ಮಕ್ಕಳೊಂದಿಗೆ ಎಂಟರಲ್ಲೊಂದು ಪಾಲು. ಹೊಂದಿಕೆಯನ್ನು ಅಳೆಯುವ ಮಾನಕ್ಕೆ ಸೆಂಟಿಮಾರ್ಗನ್ ಎನ್ನುತ್ತಾರೆ. ತಾಯಿ-ಮಗಳ ನಡುವೆ ಅದು ಸುಮಾರು 3,500 ಇರುತ್ತದೆ. ಹೀಗೆ ಮಾದರಿ ಕೊಟ್ಟ ಇತರರಲ್ಲಿ ಯಾರೊಂದಿಗೆ ಎಷ್ಟು ಹೊಂದುತ್ತದೆ ಎಂದು ಕಂಪನಿ ಒಂದು ಪಟ್ಟಿ ಕೊಡುತ್ತದೆ. ನನ್ನ ಮಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ, ಮುಂಬಯಿಯ ವ್ಯಕ್ತಿಯೊಂದಿಗೆ ಇದ್ದದ್ದು ಸುಮಾರು 40. ಅಂದರೆ ಐದು ತಲೆಮಾರಿನ ಹಿಂದೆ ಎಲ್ಲೋ ಒಂದು ಸಮಾನ ದಂಪತಿ ಇದ್ದಿರಬಹುದು. ಐದನೆಯ ತಲೆಮಾರಿನಲ್ಲಿ ಪ್ರತಿಯೊಬ್ಬರಿಗೂ ಹದಿನಾರು ದಂಪತಿಗಳಿರುತ್ತಾರೆ. ಅವರಲ್ಲಿ ಯಾರು, ಅವರ ಸಂತಾನ ಈಗ ಎಲ್ಲೆಲ್ಲಿ ಹರಡಿದೆ ಎಂದು ಹುಡುಕುವುದು ಹೇಗೆ? ಅದರಲ್ಲೂ ಒಂದೇ ಸಮುದಾಯದೊಳಗೆ, ಸೋದರಮಾವ-ಸೋದರತ್ತೆಯ ಮಕ್ಕಳ ನಡುವೆ, ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದ ನಮ್ಮಂಥ ಊರುಗಳಲ್ಲಿ ದೂರದ ನೆಂಟರೂ ಈ ಲೆಕ್ಕದಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇಂಥ ಹುಡುಕಾಟ ಫಲಿಸುವುದಕ್ಕೆ ಮುಖ್ಯ ಕಾರಣ, ಅಲ್ಲಿನ ಲಕ್ಷಾಂತರ ಜನ ತಾವಾಗಿಯೇ ಮಾದರಿ ಕೊಟ್ಟಿರುವುದು. ನಮ್ಮ ಕಾಪು, ಬಂಟ್ವಾಳ, ಕುಂದಾಪುರದ ಅಜ್ಜಿಯಂದಿರು ಆ ಪಟ್ಟಿಗಳಲ್ಲಿ ಇಲ್ಲ.

ಬಳಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ. ಅದು, ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಕಟ್ಟಿನ ಬಳಿಯ ಹಾಗೆಯೇ, ತಾಯಿಯಿಂದ ಇಳಿಯುತ್ತದೆ: ಮಗನಿಗೂ ಸಿಗುತ್ತದೆ, ಆದರೆ ಮಗನಿಂದ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಓದಿ ಮಗಳು ಎರಡು ದಿನ ಬಹಳ ಆಸೆಯಲ್ಲಿದ್ದಳು. ಆದರೆ ಅದು ತೀರ ನಿಧಾನವಾಗಿ ಬದಲಾಗುವ ಕಾರಣ, ಸಾವಿರಾರು ವರ್ಷಗಳ ಹಿಂದಿನ ಒಬ್ಬ ಅಜ್ಜಿಯಿಂದ ಬಂದವರೆಲ್ಲ ಒಂದೇ ಗುಂಪಿನಲ್ಲಿ ಬೀಳುತ್ತಾರೆ. ಬಳಿಯ ಹೆಸರು ಅದರಲ್ಲಿ ಬರೆದಿರುವುದಿಲ್ಲ.

ಮುಂಬಯಿಯ ಆ ವ್ಯಕ್ತಿಗೆ ಮಗಳು ಎರಡು ಸಾಲಿನ ಸಂದೇಶ ಕಳಿಸಿದಳು. ಅವರು ಸಜ್ಜನರು, ಒಡನೆ ಉತ್ತರಿಸಿದರು; ಉತ್ತರಿಸುವುದರ ಜೊತೆಗೆ, ಅವಳ ಜನ್ಮವರ್ಷವನ್ನೂ ಫೋಟೊವನ್ನೂ ತಮ್ಮ ಕುಟುಂಬದ ನೂರಾರು ಜನರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, “1993ರಲ್ಲಿ ಊರಲ್ಲಿ ಹೀಗೊಂದು ಮಗು ಹುಟ್ಟಿದ್ದು ಯಾರಿಗಾದರೂ ಗೊತ್ತೆ?” ಎಂದು ಕೇಳಿದರು. ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರೆ ಮಾಡಲಿಲ್ಲ. ಆ ಗುಂಪಿನಲ್ಲಿ ಆ ತಾಯಿ ಇದ್ದರೆ? ಆಕೆಯ ಗಂಡ, ಸೊಸೆ, ಮೊಮ್ಮಕ್ಕಳು ಇದ್ದರೆ? ಮಗುವನ್ನು ಬಿಟ್ಟುಕೊಟ್ಟಾಗ ಆಕೆಗೆ ಹತ್ತೊಂಬತ್ತೋ ಇಪ್ಪತ್ತೋ ಆಗಿರಬಹುದು, ಯಾರಿಗೂ ಹೇಳದೆ ಇಷ್ಟು ವರ್ಷ ಬದುಕಿರಬಹುದು. ಮಗಳು ಅವರಿಗೆ ಫೋನು ಮಾಡಿ ಆ ಸಂದೇಶವನ್ನು ಅಳಿಸಲು ಕೇಳಿಕೊಂಡಳು, ತನ್ನ ಖಾತೆಯನ್ನೂ ಮುಚ್ಚಿದಳು.

ನಮ್ಮ ದತ್ತು ನಿಯಮಗಳಲ್ಲಿ ಈ ವಿಷಯಕ್ಕೆ ಜಾಗ ಇಲ್ಲದಿಲ್ಲ. ‘ರೂಟ್ ಸರ್ಚ್’ ಎಂದು ಕರೆಯಲಾಗುವ ಏರ್ಪಾಡಿನಲ್ಲಿ, 18 ತುಂಬಿದ ದತ್ತು ಮಗು ತಾನೇ ಅರ್ಜಿ ಹಾಕಬಹುದು. ತಾಯಿ ಗೋಪ್ಯತೆ ಕೋರಿದ್ದರೆ ಆಕೆಯ ಒಪ್ಪಿಗೆ ಬೇಕು. ಮೂರನೆಯವರು ಹುಡುಕಾಟ ನಡೆಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಎಲ್ಲೋ ಇರುವ ಆ ತಾಯಿಯ ಅಣ್ಣನ ಮಗ ಕುತೂಹಲಕ್ಕೆ ಉಗುಳಿ ಕಳಿಸಿದರೆ ಸಾಕು, ಆ ತಾಯಿಯ ಒಪ್ಪಿಗೆಯನ್ನು ಯಾರೂ ಕೇಳದೆಯೇ ಆಕೆಯ ಬಾಗಿಲು ತೆರೆದಂತಾಗುತ್ತದೆ. ಡಿಎನ್‌ಎ ತಂತ್ರಜ್ಞಾನ ನಿಯಂತ್ರಣಕ್ಕೆಂದು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ಸರ್ಕಾರ ಹಿಂತೆಗೆದುಕೊಂಡಿತು. ಟ್ವೆಂಟಿತ್ರೀಆಂಡ್‌ಮಿ ಎಂಬ ದೊಡ್ಡ ಅಮೆರಿಕನ್ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು, 2025ರ ಮಾರ್ಚಿನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಡಿಎನ್‌ಎ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. 2010ರ ಮೇ 22ರಂದು ಬಜಪೆಯ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗ, ಗುರುತು ಹಿಡಿಯಲಾಗದ ದೇಹಗಳನ್ನು ಮನೆಯವರಿಗೆ ಒಪ್ಪಿಸಲು ನೆರವಾದದ್ದು ಇದೇ ಪರೀಕ್ಷೆ. ಅದರ ನಂತರವೂ ಗುರುತು ಸಿಗದ 12 ಮಂದಿಯನ್ನು ಕೂಳೂರಿನ ನದಿತೀರದಲ್ಲಿ ಒಟ್ಟಿಗೆ ಮಣ್ಣು ಮಾಡಿದ್ದೂ ನಮಗೆ ನೆನಪಿದೆ. ಅಲ್ಲಿ ಮನೆಯವರು ತಾವೇ ಬಂದು ರಕ್ತ ಕೊಟ್ಟಿದ್ದರು. ಎರಡೂ ಕಡೆಯವರು ಇಚ್ಛೆಯಿಂದ ಮುಂದೆ ಬಂದಾಗ, ಹೆಸರೊಂದು ಮೊದಲೇ ಕೈಯಲ್ಲಿದ್ದಾಗ, ಅದು ಹೌದೋ ಅಲ್ಲವೋ ಎಂದು ಖಚಿತಪಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ.

ಆದರೆ ಆ ಹೆಸರು ಇರುವುದು ರಿಜಿಸ್ಟರಿನಲ್ಲಿ. ಕಳೆದ ಬಾರಿ ಊರಿಗೆ ಬಂದಾಗ ಮಗಳು ಕ್ರಮಪ್ರಕಾರ ಅರ್ಜಿ ಹಾಕಿ, ನಾವು ಅವಳನ್ನು ತಂದ ಸಂಸ್ಥೆಗೆ ಹೋದಳು, ನಾನೂ ಜೊತೆಗಿದ್ದೆ. ಕೆಂಪು ಬಟ್ಟೆಯ ಬೆನ್ನಿನ ದಪ್ಪ ಪುಸ್ತಕ, ಅಂಚುಗಳನ್ನು ಗೆದ್ದಲು ತಿಂದಿತ್ತು. ಅವಳು ಅಲ್ಲಿಗೆ ಬಂದ ದಿನಾಂಕ ಇತ್ತು, ತೂಕ 2 ಕಿಲೋ 300 ಗ್ರಾಂ ಎಂದು ಇತ್ತು. ‘ತಂದು ಒಪ್ಪಿಸಿದವರು’ ಎಂಬ ಕಾಲಮಿನಲ್ಲಿ ಮಾತ್ರ ಯಾವುದೋ ಮಳೆಗಾಲದ ನೀರು ಇಳಿದು ಶಾಯಿ ನೀಲಿ ಕಲೆಯಾಗಿ ಹರಡಿತ್ತು. ಮಗಳು ಆ ಕಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹಳೆಯ ಲೆಡ್ಜರುಗಳನ್ನು ನೋಡಿ ಪಳಗಿದ ನನ್ನ ಕಣ್ಣಿಗೂ ಒಂದಕ್ಷರ ಹತ್ತಲಿಲ್ಲ.

ಉಡುಪಿ ಮತ್ತು ದಕ್ಷಿಣ ಕನ್ನಡದ ಜಿಲ್ಲಾಡಳಿತಗಳು ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಮೂಲಕ, ಮುಚ್ಚಿಹೋದ ಸಂಸ್ಥೆಗಳದ್ದೂ ಸೇರಿ, ಇಂಥ ಎಲ್ಲ ದಾಖಲಾತಿ ಪುಸ್ತಕಗಳನ್ನು ಪತ್ತೆಮಾಡಿ ಸ್ಕ್ಯಾನ್ ಮಾಡಿಸಿ ಗೋಪ್ಯವಾಗಿ ಕಾಪಿಡಬೇಕು ಎಂಬುದು ನನ್ನ ಮೊದಲ ಕೋರಿಕೆ. ಮಗುವನ್ನು ಬಿಟ್ಟುಕೊಟ್ಟ ತಾಯಿ ಎಂದಾದರೂ “ಮಗು ಕೇಳಿಕೊಂಡು ಬಂದರೆ ನನಗೆ ತಿಳಿಸಿ” ಎಂದೋ “ಬೇಡ” ಎಂದೋ ಹೇಳಿಡಲು, ಇಚ್ಛೆಯಿದ್ದರೆ ಡಿಎನ್‌ಎ ಮಾದರಿ ಕೊಡಲು, ಅದೇ ಘಟಕದಲ್ಲಿ ಒಬ್ಬ ಆಪ್ತಸಮಾಲೋಚಕಿ ಇರಬೇಕು ಎಂಬುದು ಎರಡನೆಯದು. ನಾವು ನೋಡಿದ ಪುಟದ ಹಿಂದೆ ಮುಂದೆ ಇನ್ನೂ ಹಲವು ಮಕ್ಕಳ ಸಾಲುಗಳಿದ್ದವು, ಅವುಗಳಲ್ಲಿ ಕೆಲವನ್ನು ಈಗಲೂ ಓದಬಹುದಿತ್ತು. ಮುಂದಿನ ಜೂನ್ ತಿಂಗಳ ಮಳೆಗೆ ಮೊದಲು ಅಷ್ಟನ್ನಾದರೂ ತೆಗೆದಿಡಬಹುದು.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ
(ಮಗಳ ಗೋಪ್ಯತೆಗಾಗಿ ಹೆಸರು ಪ್ರಕಟಿಸಬಾರದಾಗಿ ವಿನಂತಿ)