ಕಿಂಗ್ ಅಂದ್ರೆ ಬರೀ ಆ ಒಂದು ಭಾಷಣವಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ನಮ್ಮಲ್ಲಿ ಯಾರೇ ಬರೆಯಲಿ, ‘ನನಗೊಂದು ಕನಸಿದೆ’ ಅನ್ನುವ 1963ರ ವಾಷಿಂಗ್ಟನ್ ಭಾಷಣಕ್ಕೆ ಬಂದು ನಿಂತುಬಿಡುತ್ತಾರೆ. ಕಾಲೇಜಿನಲ್ಲಿದ್ದಾಗ ನನಗೂ ಅಷ್ಟೇ ಸಾಕಿತ್ತು. ಮೆರವಣಿಗೆ, ಜೈಲು, ಕಾನೂನು ಇದ್ದ ಕಡೆ ಕಣ್ಣು ಓಡುತ್ತಿತ್ತು. ದೇವರ ಮಾತೆಲ್ಲ ಪಾದ್ರಿಯಾದವರು ಆಡಲೇಬೇಕಲ್ವಾ ಅಂತ ಆ ಪುಟಗಳನ್ನು ಸುಮ್ನೆ ಮಗುಚುತ್ತಿದ್ದೆ. ಈಗ ಅರವತ್ತು ದಾಟಿದ ಮೇಲೆ ಆ ಪುಟಗಳೇ ಜಾಸ್ತಿ ಹಿಡಿಸುತ್ತಿವೆ.

1956ರ ಜನವರಿ ಕೊನೆ. ಅಮೆರಿಕದ ದಕ್ಷಿಣದ ಊರಾದ ಮಾಂಟ್‌ಗೊಮರಿಯಲ್ಲಿ ಬಿಳಿಯರಿಗೊಂದು ಸೀಟು, ಕಪ್ಪು ಜನರಿಗೊಂದು ಸೀಟು ಅನ್ನುವ ಭೇದ ಒಪ್ಪದೆ ಕಪ್ಪು ಜನ ಸಿಟಿ ಬಸ್ ಹತ್ತುವುದನ್ನು ಬಿಟ್ಟು ಎರಡು ತಿಂಗಳಾಗುತ್ತಾ ಬಂದಿತ್ತು. ಈ ಬಹಿಷ್ಕಾರಕ್ಕೆ ಮುಂದಾಳಾಗಿದ್ದ ಕಿಂಗ್‌ಗೆ ಆಗ ಬರೀ 27. ರಾತ್ರಿ ಫೋನ್ ಬಂತು: ಊರು ಬಿಡು, ಇಲ್ಲದಿದ್ದರೆ ಮನೆ ಉಡಾಯಿಸುತ್ತೇವೆ. ಒಳಗೆ ಹೆಂಡತಿ, ಎರಡು ತಿಂಗಳ ಹಸುಗೂಸು ಮಲಗಿದ್ದಾರೆ. ಇವರು ಎದ್ದು ಅಡುಗೆಮನೆಗೆ ಹೋಗಿ, ಕಾಫಿಗಿಟ್ಟು, ಹೇಡಿ ಅನ್ನಿಸಿಕೊಳ್ಳದೆ ಈ ಮುಂದಾಳತ್ವದಿಂದ ಜಾರಿಕೊಳ್ಳುವುದು ಹೇಗೆ ಅಂತ ಲೆಕ್ಕ ಹಾಕುತ್ತಾ ಕೂತರಂತೆ. ಆಮೇಲೆ ತಲೆ ಹಿಡಿದುಕೊಂಡು, ನನಗೆ ಭಯವಾಗಿದೆ, ನನ್ನಲ್ಲಿ ಇನ್ನೇನೂ ಉಳಿದಿಲ್ಲ ಅಂತ ಬಾಯಿಬಿಟ್ಟೇ ದೇವರಿಗೆ ಹೇಳಿದರು. ಆ ಹೊತ್ತಿನಿಂದ ಭಯ ಇಳಿಯಿತು ಅನ್ನುತ್ತಾರೆ. ಇದನ್ನೆಲ್ಲ ಮುಂದೆ ಅವರೇ ಜನರೆದುರು ಹೇಳಿಕೊಂಡರು. ನಮ್ಮ ಮುಖಂಡರು ಯಾರಾದರೂ ಹೀಗೆ ಹೇಳಿಕೊಂಡಾರಾ?

ಕೆಲವೇ ದಿನಗಳಲ್ಲಿ ಮನೆಯ ಜಗಲಿಗೆ ಬಾಂಬ್ ಬಿತ್ತು. ಸಭೆಯಲ್ಲಿದ್ದ ಕಿಂಗ್ ಓಡಿಬಂದಾಗ ರೊಚ್ಚಿಗೆದ್ದ ಜನ ಸೇರಿದ್ದರು, ಕೆಲವರ ಕೈಯಲ್ಲಿ ಬಂದೂಕೂ ಇತ್ತು. ಹೆಂಡತಿ ಮಗುವಿಗೆ ಏನೂ ಆಗಿಲ್ಲ ಅಂತ ನೋಡಿಕೊಂಡು ಅದೇ ಜಗಲಿಗೆ ಬಂದು, ಆಯುಧ ತಂದವರು ಮನೆಗೆ ಒಯ್ಯಿರಿ, ಶತ್ರುವನ್ನೂ ಪ್ರೀತಿಸೋಣ ಅಂದರು. ಅಹಿಂಸೆ ಅವರಿಗೆ ಹೋರಾಟದ ಪಟ್ಟು ಮಾತ್ರ ಆಗಿದ್ದರೆ ಆ ರಾತ್ರಿ ಕೈಕೊಡುತ್ತಿತ್ತು. ಬಸ್ ಬಹಿಷ್ಕಾರ 381 ದಿನ ನಡೆಯಿತು.

ಇನ್ನೊಂದು ಮಾತು, ನನ್ನ ವಯಸ್ಸಿನವರಿಗೆ ತಟ್ಟುವಂಥದ್ದು. ಕೊಲೆಯಾಗುವುದಕ್ಕೆ ಎರಡೇ ತಿಂಗಳು ಮುಂಚೆ, 1968ರ ಫೆಬ್ರುವರಿಯಲ್ಲಿ, ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಕಿಂಗ್ ತಮ್ಮ ಅಂತ್ಯಸಂಸ್ಕಾರದ ಬಗ್ಗೆಯೇ ಮಾತಾಡಿದರು. ನೊಬೆಲ್ ಬಂದಿತ್ತು ಅಂತ ಹೇಳಬೇಡಿ, ಎಲ್ಲಿ ಓದಿದೆ ಅನ್ನುವುದೂ ಬೇಡ, ಹಸಿದವರಿಗೆ ಉಣಿಸಲು, ಬಟ್ಟೆಯಿಲ್ಲದವರಿಗೆ ಉಡಿಸಲು ಪ್ರಯತ್ನಪಟ್ಟ ಅಂತ ಹೇಳಿ ಅಂದರು. ಏಪ್ರಿಲ್‌ನಲ್ಲಿ ಅವರ ಅಂತ್ಯಸಂಸ್ಕಾರದ ದಿನ ಅದೇ ಧ್ವನಿಮುದ್ರಣ ಹಾಕಿ ಕೇಳಿಸಿದರು. ನಮ್ಮಲ್ಲಿ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಸತ್ತವರ ಹೆಸರಿಗಿಂತ ಬಿರುದೇ ದಪ್ಪಕ್ಷರದಲ್ಲಿರುತ್ತದೆ.

ಮುಂದಿನ ಜನವರಿಯಲ್ಲಿ ಕಿಂಗ್ ಹುಟ್ಟುಹಬ್ಬಕ್ಕೆ ಪುರವಣಿ ತರುವುದಾದರೆ, ವಾಷಿಂಗ್ಟನ್ ಭಾಷಣ ಈ ಸಲ ಬಿಟ್ಟು, ಈ ಫೆಬ್ರುವರಿ ಪ್ರವಚನವನ್ನು ಕನ್ನಡಕ್ಕೆ ತರಿಸಿ ಹಾಕಿ.

– ನಿವೃತ್ತ ಶಿಕ್ಷಕ, ದಾವಣಗೆರೆ