ಮ್ಯೂನಿಕ್‌ನ ಆ ಹಿರಿಯರಿಗೆ ವಂದನೆಗಳು

ಹಳೆಯ ರೆಕಾರ್ಡ್ ಅಂಗಡಿಯಲ್ಲಿ ಸಿಕ್ಕಿ, ಹೆಸರನ್ನೂ ಹೇಳದೆ ಹೊರಟ ಹಿರಿಯರೇ, ನಿಮಗೆ ಮನಃಪೂರ್ವಕ ಧನ್ಯವಾದಗಳು. ನಾನು ಬೆಂಗಳೂರಿನವನೆಂದು ತಿಳಿದೊಡನೆ ನೀವು ಹುಡುಕಿ ಕೈಗಿತ್ತದ್ದು ‘ಎಂಬ್ರಿಯೊಸ್ ರೈಸೆ’ (ಎಂಬ್ರಿಯೊದ ಪಯಣ) ಎಂಬ ರೆಕಾರ್ಡ್. 1969ರಲ್ಲಿ ನಿಮ್ಮ ಊರಿನಲ್ಲೇ ಕ್ರಿಸ್ಟಿಯನ್ ಬುರ್ಖಾರ್ಡ್ ಕಟ್ಟಿದ ಎಂಬ್ರಿಯೊ ಎಂಬ ಸೈಕೆಡೆಲಿಕ್ ರಾಕ್ ತಂಡ, 1978–79ರಲ್ಲಿ ಬಸ್ಸಿನಲ್ಲಿ ಅಫ್ಘಾನಿಸ್ತಾನವನ್ನು ಹಾದು ಭಾರತಕ್ಕೆ ಬಂದಿತ್ತು ಎಂದು ನೀವು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ಬೆಂಗಳೂರಿನ ತಾಳವಾದ್ಯ ಶಾಲೆಯಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅವರು ಮಾಡಿದ ‘ಲೈಫ್’ ಎಂಬ ರೆಕಾರ್ಡನ್ನೂ ಬಳಿಕ ಸಂಪಾದಿಸಿದೆ. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಕಂಠ ಜರ್ಮನ್ ರೆಕಾರ್ಡಿನಿಂದ ಹೊಮ್ಮಿದಾಗ ಮೈ ಜುಮ್ಮೆಂದಿತು. ಎಷ್ಟು ಸಹಜವಾಗಿ ಬೆರೆತಿದ್ದಾರೆ! ಇದು ಬರಿಯ ಅಲಂಕಾರಕ್ಕೆ ಸೇರಿಸಿಕೊಂಡ ಭಾರತವಲ್ಲ.

ರೆಕಾರ್ಡಿನ ನಡುವಿನ ಲೇಬಲ್ಲಿನ ಪಕ್ಕ ಕೆತ್ತಿದ ಸಂಖ್ಯೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದುವುದನ್ನೂ ನೀವೇ ಕಲಿಸಿದಿರಿ; ಮೂಲ ಮುದ್ರಣವನ್ನು ಗುರುತಿಸಲು ಅದು ಇಂದಿಗೂ ನೆರವಾಗುತ್ತಿದೆ. ಎಂಬ್ರಿಯೊದ ‘ಸ್ಟೈಗ್ ಔಸ್’, ‘ರಾಕ್‌ಸೆಷನ್’, ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್ ನುಡಿಸಿದ ‘ವಿ ಕೀಪ್ ಆನ್’ ಈಗ ನನ್ನ ಬಳಿ ಇವೆ. ಓರ್ ಎಂಬ ರೆಕಾರ್ಡ್ ಸಂಸ್ಥೆ 1970ರಲ್ಲಿ ತಂದ ಅವರ ‘ಓಪಲ್’ನ ಮೊದಲ ಮುದ್ರಣಕ್ಕಾಗಿ ಇನ್ನೂ ಹುಡುಕುತ್ತಿದ್ದೇನೆ, ಸದ್ಯಕ್ಕೆ ಮರುಮುದ್ರಣದಲ್ಲೇ ಕೇಳುತ್ತಿದ್ದೇನೆ.